ಕ್ಯಾಮೆರಾದ ಅಂಗಿ

ನಮ್ಮ ಮನೆಯಲ್ಲಿ ಮೈಮೇಲೆ ಹೊದಿಕೆ ಇಲ್ಲದ ವಸ್ತು ಅಂತ ಇದ್ದರೆ ಅದು ಗೋಡೆ ಗಡಿಯಾರ ಒಂದೇ. ಅದೂ ನನ್ನ ಹೆಂಡತಿ ಪದ್ಮಳ ಕೈಗೆ ಎಟುಕುವುದಿಲ್ಲ ಎಂಬ ಕಾರಣಕ್ಕೆ. ಉಳಿದಂತೆ ಮಿಕ್ಸಿಗೆ ಹೂವಿನ ಗವುಸು, ಫ್ರಿಜ್ಜಿನ ಹಿಡಿಗೆ ಒಂದು ತೋಳು, ಟೀವಿ ರಿಮೋಟಿಗೆ ಅದು ಅಂಗಡಿಯಿಂದ ಉಟ್ಟುಕೊಂಡು ಬಂದ ಪ್ಲಾಸ್ಟಿಕ್ಕು. ಆ ಪ್ಲಾಸ್ಟಿಕ್ಕು ಈಗ ಹಳದಿಗಟ್ಟಿ, ಒಳಗಿನ ಅಂಕಿಗಳು ಮಂಜಿನಲ್ಲಿ ಕಾಣುವ ನಂದಿ ಬೆಟ್ಟದಂತೆ ಕಾಣುತ್ತವೆ. ಐದು ಒತ್ತಲು ಹೋಗಿ ಎಂಟು ಒತ್ತಿ, ವಾರ್ತೆ ನೋಡಬೇಕಾದವನು ಎಷ್ಟೋ ಸಲ ಅಡುಗೆ ಕಾರ್ಯಕ್ರಮ ನೋಡಿ ಎದ್ದಿದ್ದೇನೆ.

ಆಕ್ಷೇಪಿಸುವ ಸ್ಥಿತಿಯಲ್ಲಿ ನಾನಿಲ್ಲ. ಜಗಲಿಯ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುವ ತೊಗಲಿನ ಚೀಲ ನನ್ನದು. ಗಟ್ಟಿ ಚರ್ಮದ, ನಾಲ್ಕು ಮೂಲೆಯ, ಪುಟ್ಟ ಪೆಟ್ಟಿಗೆಯಂಥ ಚೀಲ. ಮುಂದೆ ಮುಚ್ಚಳ, ಮುಚ್ಚಳ ಬುಡದಿಂದ ಮೇಲೆದ್ದು ನೆತ್ತಿ ದಾಟಿ ಹಿಂದಿನ ಟಿಚ್ ಬಟನ್ನಿಗೆ ಸೇರಿಕೊಳ್ಳುತ್ತದೆ. ಅದರ ಬೆನ್ನಿನ ಮೇಲೆ ಬೇರೆ ಬಣ್ಣದ ಒಂದು ಉದ್ದನೆಯ ಪಟ್ಟಿ ಇದೆ. ಬಂದವರು ಅದೇನು ಅಂತ ಕೇಳುತ್ತಾರೆ. ನಾನು ಕಾಫಿ ತರಿಸುತ್ತೇನೆ. ಕಾಫಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸಬಹುದಾದ ಸಂಗತಿ ಅಲ್ಲ ಅದು. ನಿಮಗೆ ಬಿಡುವಿದ್ದರೆ ಹೇಳುತ್ತೇನೆ.

ನಮ್ಮಪ್ಪ ಗೌರಿಬಿದನೂರಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಎಮ್ಮೆಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ ಹಿಡಿದೂ ಹಿಡಿದೂ ಅವರ ಕೈ ಗಟ್ಟಿಯಾಗಿತ್ತು, ಮಾತು ಅದಕ್ಕಿಂತ ಗಟ್ಟಿ. ಯಾರ ಮುಂದೆಯೂ ತಲೆ ಬಗ್ಗಿಸಿದವರಲ್ಲ. ಡಾಕ್ಟರ ಮುಂದಂತೂ ಇಲ್ಲವೇ ಇಲ್ಲ. ವರ್ಗವಾಗಿ ಹೋಗುತ್ತಿದ್ದ ಅಂಥ ಡಾಕ್ಟರೊಬ್ಬರೇ ಹೊರಡುವ ದಿನ ತಮ್ಮ ಹಳೆಯ ಕ್ಯಾಮೆರಾವನ್ನು ಚೀಲದ ಸಮೇತ ಅಪ್ಪನ ಕೈಗಿಟ್ಟು ಹೋದರು. ಪ್ರೀತಿಯಿಂದಲೋ, ಸಾಮಾನು ಜಾಸ್ತಿಯಾಗಿಯೋ, ತಿಳಿಯದು.

ಅದು ಎರಡು ಕಣ್ಣಿನ ಕ್ಯಾಮೆರಾ. ಒಂದರ ಕೆಳಗೊಂದು ಎರಡು ಕಣ್ಣು. ಮೇಲಿನದು ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ಮೇಲಿನಿಂದ ಅದರ ನೆತ್ತಿಯ ಗಾಜಿನೊಳಗೆ ಇಣುಕಬೇಕು. ಹೀಗಾಗಿ ಗೌರಿಬಿದನೂರಿನಲ್ಲಿ ಯಾರಿಗೂ ಬಗ್ಗದ ನಮ್ಮಪ್ಪ, ಫೋಟೋ ತೆಗೆಯುವಾಗ ಮಾತ್ರ ಎದುರಿಗೆ ನಿಂತವರಿಗೆಲ್ಲ ತಲೆಬಾಗುತ್ತಿದ್ದರು. ಹಾಲಿನವಳಿಗೆ, ಸ್ಟೇಷನ್ನಿನ ಜಟ್ಕಾ ಗಾಡಿಯವನಿಗೆ, ಅವನ ಕುದುರೆಗೆ, ನಮ್ಮಮ್ಮನಿಗೆ. ಅಮ್ಮನಿಗೆ ಅವರು ತಲೆಬಾಗಿದ ಬೇರೆ ಸಂದರ್ಭ ನನಗೆ ನೆನಪಿಲ್ಲ.

ಚೀಲದಿಂದ ಕ್ಯಾಮೆರಾವನ್ನು ಪೂರ್ತಿ ಹೊರಗೆ ತೆಗೆಯುವ ಕ್ರಮ ಅಪ್ಪನಿಗಿರಲಿಲ್ಲ. ತಳದಲ್ಲಿ ಒಂದು ತಿರುಪಿನಿಂದ ಅದನ್ನು ಚೀಲಕ್ಕೇ ಬಿಗಿದು, ಮುಚ್ಚಳವನ್ನು ಮಾತ್ರ ಬಿಚ್ಚಿ ಮುಂದಕ್ಕೆ ಇಳಿಬಿಡುತ್ತಿದ್ದರು. ಆದರೆ ಗಾಳಿ ಬೀಸಿದರೆ ಮುಚ್ಚಳ ಹಾರಿ ಕೆಳಗಿನ ಕಣ್ಣನ್ನು ಮುಚ್ಚಿಬಿಡುತ್ತಿತ್ತು. ಮೇಲಿನ ಕಣ್ಣಿನಲ್ಲಿ ನೋಡುತ್ತಿದ್ದ ಅಪ್ಪನಿಗೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಹಾಗಾಗಿ ಅಣ್ಣಯ್ಯನಿಗೂ ನನಗೂ ಒಂದು ಹುದ್ದೆ ಸೃಷ್ಟಿಯಾಯಿತು: ಮುಚ್ಚಳ ಹಿಡಿಯುವುದು. ಅಪ್ಪನ ಮೊಣಕಾಲ ಮುಂದೆ, ಅವರಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು, ಕೈ ಮೇಲೆತ್ತಿ, ಮುಚ್ಚಳದ ತುದಿಯನ್ನು ಕೆಳಕ್ಕೆ ಎಳೆದು ಹಿಡಿದಿರಬೇಕು. ನಾನು ಮುಂದೆ ಸರ್ಕಾರಿ ಕೆಲಸದಲ್ಲಿ ಮೂವತ್ತೈದು ವರ್ಷ ಇದ್ದೆ. ಅಷ್ಟು ಜವಾಬ್ದಾರಿಯ ಹುದ್ದೆ ಮತ್ತೆ ಸಿಗಲಿಲ್ಲ.

ಅಮ್ಮ ನಕ್ಕಿರುವ ಫೋಟೋ ಒಂದೇ ಒಂದಿದೆ. ಹಿತ್ತಲ ಸೀಬೆಮರದ ಕೆಳಗೆ ನಿಂತಿದ್ದಾಳೆ. ಮುಚ್ಚಳ ಯಾರು ಹಿಡಿಯಬೇಕು ಅಂತ ನಾವಿಬ್ಬರೂ ಅಪ್ಪನ ಕಾಲ ಬಳಿ ಕಿತ್ತಾಡುತ್ತಿದ್ದುದನ್ನು ನೋಡಿ ನಕ್ಕಿದ್ದು. ಆ ಫೋಟೋದ ಕೆಳಗೆ ಎಡಮೂಲೆಯಲ್ಲಿ ಒಂದು ಬೆರಳು ಬಂದುಬಿಟ್ಟಿದೆ. ಮಸುಕಾಗಿ, ದಪ್ಪವಾಗಿ, ಅಮ್ಮನ ಸೆರಗನ್ನು ಅರ್ಧ ನುಂಗಿ. ಫೋಟೋ ತೊಳೆದು ಬಂದ ದಿನ ಅಪ್ಪ ಅದನ್ನು ಬೆಳಕಿಗೆ ಹಿಡಿದು, "ಯಾರದಿದು?" ಅಂತ ಕೇಳಿದರು. "ಅಣ್ಣಯ್ಯಂದು" ಅಂದೆ ನಾನು. ಅಣ್ಣಯ್ಯ ಇಲ್ಲ ಅಂದ. ಹಿರಿಯನಾದ್ದರಿಂದ ಅವನ ಕಿವಿ ಹಿಂಡಲಾಯಿತು. ನಾನು ಸುಳ್ಳು ಹೇಳಿದೆ ಅಂತ ತಿಳಿಯಬೇಡಿ. ನನಗೆ ಆಗ ಆರು ವರ್ಷ. ನನ್ನ ಬೆರಳು ಅಷ್ಟು ದಪ್ಪ ಇರಲು ಸಾಧ್ಯವೇ ಇಲ್ಲ ಅಂತ ನಾನು ಮನಃಪೂರ್ವಕ ನಂಬಿದ್ದೆ.

ಇಷ್ಟೆಲ್ಲ ಸೇವೆ ಮಾಡಿದ ಚೀಲಕ್ಕೆ ಮನೆಯೊಳಗೆ ಪ್ರವೇಶ ಇರಲಿಲ್ಲ. ಅಮ್ಮನದು ಕಟ್ಟುನಿಟ್ಟಿನ ಮಡಿ. ತೊಗಲು ನಡುಮನೆ ದಾಟುವಂತಿಲ್ಲ. ಅಪ್ಪನ ಚಪ್ಪಲಿ, ಸೊಂಟದ ಬೆಲ್ಟು, ಕ್ಯಾಮೆರಾದ ಚೀಲ, ಮೂರಕ್ಕೂ ಜಗಲಿಯಲ್ಲೇ ವಾಸ. ಕ್ಯಾಮೆರಾ ಮಾತ್ರ ಗಾಜು, ಕಬ್ಬಿಣ, ಅದಕ್ಕೆ ದೋಷವಿಲ್ಲ. ಹಬ್ಬ ಹರಿದಿನ, ತಿಥಿ, ವ್ರತಗಳು ಬಂದರೆ ಅಪ್ಪ ತಿರುಪು ಬಿಚ್ಚಿ ಕ್ಯಾಮೆರಾವನ್ನು ದೇವರ ಕೋಣೆಯ ಪಕ್ಕದ ಬೀರುವಿನಲ್ಲಿಡುವರು. ಚೀಲ ಹೊರಗಿನ ಮೊಳೆಗೆ. "ಅದರ ಅಂಗಿ ಬಿಚ್ಚಿ ಒಳಗೆ ತನ್ನಿ" ಅನ್ನುತ್ತಿದ್ದಳು ಅಮ್ಮ, ಸ್ಕೂಲಿನಿಂದ ಬಂದ ನಮಗೆ ಹೇಳುವ ಹಾಗೆಯೇ.

ಅಪ್ಪ ಹೋದ ಮೂರು ವರ್ಷಕ್ಕೆ ಅಮ್ಮನೂ ಹೋದಳು. ಅಷ್ಟರಲ್ಲಿ ಅಣ್ಣಯ್ಯ ಚಿಂತಾಮಣಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ನಾನು ಚಿಕ್ಕಬಳ್ಳಾಪುರದಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತ. ಗೌರಿಬಿದನೂರಿನ ಮನೆ ಬಾಡಿಗೆಯದು, ಖಾಲಿ ಮಾಡಬೇಕಿತ್ತು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಅಮ್ಮನ ಅಣ್ಣ, ನಮ್ಮ ದೊಡ್ಡಮಾವ, ಸಾಮಾನುಗಳ ಪಾಲುಪಟ್ಟಿ ಬರೆಯಲು ಕೂತರು. ಹಿರಿಯರು ಎರಡು ಪಾಲು ಮಾಡುವುದು, ಕಿರಿಯ ಮೊದಲು ಆರಿಸಿಕೊಳ್ಳುವುದು ನಮ್ಮ ಕಡೆಯ ಕ್ರಮ. ಮಾವ ಕೋಣೆ ಕೋಣೆ ಸುತ್ತಿ, ಕಂಡದ್ದನ್ನು ಕಂಡಲ್ಲೇ ಬರೆದುಕೊಂಡರು. ಎರಡು ಪಟ್ಟಿಯಲ್ಲೂ ಬಾಬತ್ತುಗಳು ಸಮ ಬರಬೇಕು ಎಂಬುದೇ ಅವರ ಹಠ. ಕೊನೆಗೆ ಬೆರಳು ಮಡಚಿ ಎಣಿಸಿ, "ಸರಿಪೋಯಿಂದಿ!" ಅಂತ ತೆಲುಗಿನಲ್ಲಿ ಘೋಷಿಸಿ, ಕನ್ನಡಕ ಹಾಕಿಕೊಂಡು ಓದತೊಡಗಿದರು.

ಮೊದಲ ಪಟ್ಟಿಯ ನಡುವೆ ಎಲ್ಲೋ ಬಂತು: "ಜಗಲಿ ಮೊಳೆಯಲ್ಲಿರೋ ತೊಗಲು ಚೀಲ ಒಂದು."

"ಈ ಪಾಲು ನನಗಿರಲಿ ಮಾವ" ಅಂದೆ.

"ಇನ್ನೊಂದು ಓದಿಲ್ವಲ್ಲಪ್ಪ?"

"ಇದೇ ಸಾಕು."

ಎರಡನೆಯ ಪಟ್ಟಿ ಓದುವಾಗ ನಾನು ಜಗಲಿಯಲ್ಲಿದ್ದೆ. ಚೀಲವನ್ನು ಮೊಳೆಯಿಂದ ಇಳಿಸಿ ಹೆಗಲಿಗೆ ಹಾಕಿಕೊಂಡೆ. ಅಪ್ಪ ಹಾಕಿಕೊಳ್ಳುತ್ತಿದ್ದಷ್ಟೇ ಭಾರ. ಒಳಗೆ ಬಂದು ಮಾವ ತೋರಿಸಿದ ಕಡೆ ಸಹಿ ಮಾಡಿದೆ. ಊರವರ ಪಾಲುಪಟ್ಟಿಗಳನ್ನು ಸಾಲು ಸಾಲಾಗಿ ಓದಿ ತಪ್ಪು ಹುಡುಕುವುದೇ ನನ್ನ ಉದ್ಯೋಗವಾಗಿತ್ತು. ನನ್ನದನ್ನು ಓದಲಿಲ್ಲ.

ಚಿಕ್ಕಬಳ್ಳಾಪುರಕ್ಕೆ ಬಂದು, ಪದ್ಮಳನ್ನು ಎದುರಿಗೆ ಕೂರಿಸಿಕೊಂಡು, ಟಿಚ್ ಬಟನ್ ಬಿಚ್ಚಿದೆ. ಒಳಗೆ ಒಂದು ಮರದ ದಿಮ್ಮಿ ಇತ್ತು.

ನೀಟಾಗಿ ಕೊರೆದು, ಉಜ್ಜಿ ನುಣುಪು ಮಾಡಿದ, ಕ್ಯಾಮೆರಾದಷ್ಟೇ ಎತ್ತರದ, ಅಷ್ಟೇ ಅಗಲದ ದಿಮ್ಮಿ.

"ಏನ್ರೀ ಇದು?" ಅಂದಳು ಪದ್ಮ.

ನಾನು ದಿಮ್ಮಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ನನಗಿಂತ ಎರಡು ದಿನ ಮೊದಲೇ ಆ ಮನೆಗೆ ಬಂದಿದ್ದವನು ಅಣ್ಣಯ್ಯ. ಕ್ಯಾಮೆರಾ ತೆಗೆದುಕೊಂಡು, ತೂಕಕ್ಕೆ ಮರದ ತುಂಡು ತುರುಕಿಟ್ಟಿದ್ದಾನೆ. ಅದೂ ಮೇಷ್ಟ್ರು! ಅಳತೆ ತಪ್ಪದೆ! ಮುಂದಿನ ಯುಗಾದಿಗೆ ಚಿಂತಾಮಣಿಗೆ ಹೋದಾಗ, ಅವರ ದೇವರ ಗೂಡಿನ ಪಕ್ಕದಲ್ಲಿ ಕ್ಯಾಮೆರಾ ಇದ್ದುದನ್ನು ಕಣ್ಣಾರೆ ಕಂಡೆ. ಅಲ್ಲಿಗೆ ತನಿಖೆ ಮುಕ್ತಾಯವಾಯಿತು.

ನಾವು ಜಗಳ ಆಡಲಿಲ್ಲ. ಆಡಿದ್ದರೆ ಎಂದೋ ರಾಜಿಯಾಗುತ್ತಿದ್ದೆವು. ಮದುವೆ, ಮುಂಜಿ, ನಾಮಕರಣಗಳಿಗೆ ಹೋಗಿಬಂದೆವು. ಅವನ ಕಾಲಿಗೆ ಬಿದ್ದೆ, ಆಶೀರ್ವಾದ ತೆಗೆದುಕೊಂಡೆ. ಮಾತಾಡಿದೆವು, ಮಳೆಯ ಬಗ್ಗೆ, ಸೊಂಟದ ನೋವಿನ ಬಗ್ಗೆ, ಬಸ್ಸು ಎಷ್ಟು ಹೊತ್ತಿಗೆ ಬಂತು ಅಂತ. ಮೂವತ್ತು ವರ್ಷ ನಾನು ಅವನ ಜೊತೆ ಬಸ್ಸಿನ ಹೊತ್ತು ಮಾತಾಡಿದೆ. ಅವನು ಕೈವಾರಕ್ಕೆ ಹೋಗಣ ಬಾರೋ, ಒಂದು ದಿನ ಇದ್ದು ಬರಣ ಅಂತ ಕರೆದಾಗೆಲ್ಲ ನನಗೆ ಕಚೇರಿಯಲ್ಲಿ ತುರ್ತು ಕೆಲಸ ಇರುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ತುರ್ತು ಕೆಲಸ ಇರುತ್ತದೆ ಅಂತ ನಂಬಿದವನು ಪ್ರಪಂಚದಲ್ಲಿ ಅವನೊಬ್ಬನೇ.

ದಿಮ್ಮಿಯನ್ನು ಪದ್ಮ ಹಿತ್ತಲ ಬಾಗಿಲಿಗೆ ಒತ್ತು ಕೊಡಲು ಇಟ್ಟುಕೊಂಡಳು. ಚೀಲಕ್ಕೆ ನಾನು ಬೇರೆ ಬೇರೆ ಉದ್ಯೋಗ ಹುಡುಕಿದೆ. ಸ್ವಲ್ಪ ಕಾಲ ಷೇವಿಂಗ್ ಸೆಟ್ಟು ಇಟ್ಟೆ. ಸೋಪಿನ ವಾಸನೆಗೂ ಚರ್ಮಕ್ಕೂ ಹೊಂದಲಿಲ್ಲ. ಆಮೇಲೆ ಕಚೇರಿಗೆ ಊಟದ ಡಬ್ಬಿ ಒಯ್ದೆ. ಡಬ್ಬಿ ಅಳತೆಗೆ ಸರಿಯಾಗಿ ಕೂತಿತು. ಆದರೆ ಒಂದು ದಿನ ಸಾರು ಚೆಲ್ಲಿ ಅಪ್ಪನ ಚೀಲ ತಿಂಗಳುಗಟ್ಟಲೆ ಇಂಗಿನ ವಾಸನೆ ಹೊಡೆಯಿತು. ಅಂದು ಸಂಜೆ ಅದನ್ನು ಒರೆಸುತ್ತ ಕೂತಿದ್ದಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ಇಂಗಿನಿಂದ ಅಂತ ಪದ್ಮಳಿಗೆ ಹೇಳಿದ್ದೇನೆ. ಕಚೇರಿಯ ದಾಖಲೆಯಲ್ಲೂ ಹಾಗೇ ಇರಲಿ.

ಶಿರಸ್ತೇದಾರನಾಗಿ ನಿವೃತ್ತನಾದ ಮೇಲೆ ಚೀಲಕ್ಕೆ ಒಂದು ಕ್ಯಾಮೆರಾ ಬೇಕು ಅನ್ನಿಸಿತು. ಲೋಕದಲ್ಲಿ ಜನ ಕ್ಯಾಮೆರಾ ಕೊಂಡು ಚೀಲ ಹುಡುಕುತ್ತಾರೆ. ನಾನು ತಿರುಗಾಮುರುಗ. ಊರಲ್ಲಿ ಮುಚ್ಚಿಹೋದ ಒಂದು ಸ್ಟುಡಿಯೋದ ಅಟ್ಟದಿಂದ ಎರಡು ಕಣ್ಣಿನದೇ ಒಂದು ಹಳೆಯ ಕ್ಯಾಮೆರಾ ಸಿಕ್ಕಿತು. ಆದರೆ ಅದು ಕುಳ್ಳ, ಸಪೂರ ಕೂಡ. ಚೀಲದಲ್ಲಿ ಇಟ್ಟರೆ, ಅಪ್ಪನ ಕೋಟು ಹಾಕಿಕೊಂಡ ಮಗುವಿನ ಹಾಗೆ ಒಳಗೇ ಮುಳುಗುತ್ತಿತ್ತು.

ಶಿಡ್ಲಘಟ್ಟದಲ್ಲಿ ಇನಾಯತ್ ಸಾಬರು ಅಂತ ಇದ್ದಾರೆ. ಅವರ ಮನೆತನ ಜಟ್ಕಾ ಕುದುರೆಗಳಿಗೆ ಲಗಾಮು, ಪಟ್ಟಿ, ಕಣ್ಣಿನ ಕಾಪು ಹೊಲಿಯುತ್ತಿದ್ದವರದು. ಜಟ್ಕಾ ಹೋದವು, ಈಗ ಸ್ಕೂಲ್ ಬ್ಯಾಗಿನ ಜಿಪ್ಪು, ಸೂಟ್‌ಕೇಸಿನ ಹಿಡಿ. ಚೀಲವನ್ನು ಕೈಗೆ ಕೊಟ್ಟಾಗ ಅವರು ಮೂಸಿ ನೋಡಿದರು. ಒಳಗೆ ಬೆರಳು ಓಡಿಸಿದರು.

"ಇದು ದೊಡ್ಡೋರ ಅಂಗಿ ಸಾರ್. ಈ ಮರೀಗೆ ಯಾಕೆ ತೊಡಿಸ್ತೀರ?"

"ಹಿಡಿಸಿಕೊಡಿ. ಬೆನ್ನಲ್ಲಿ ಕತ್ತರಿಸಿ ಒಳಗೆ ಎಳೆದು ಹೊಲೀರಿ. ಪಕ್ಕದಲ್ಲಿ ಈ ರೋಲು ತಿರುಗಿಸೋ ಗುಂಡಿಗೆ ಒಂದು ತೂತು."

"ಬಟ್ಟೆ ಅಲ್ಲ ಸಾರ್, ಕತ್ತರಿಸಿದ್ರೆ ವಾಪಸ್ ಬರಲ್ಲ. ಇದರದ್ದು ಅಸಲಿ ಕ್ಯಾಮೆರಾ ಎಲ್ಲಿ?"

"ಇಲ್ಲ."

"ಕಳೆದು ಹೋಯ್ತಾ?"

"ಹೋಯ್ತು."

"ಒಂದು ವಾರ ಯೋಚನೆ ಮಾಡಿ ಬನ್ನಿ."

"ಕತ್ತರಿಸಿ" ಅಂದೆ. ಮೂವತ್ತು ವರ್ಷ ಯೋಚನೆ ಮಾಡಿ ಬಂದವನು ನಾನು.

ಅವರು ಕತ್ತರಿಸಿದರು. ಬೆನ್ನಿನಿಂದ ಎರಡು ಬೆರಳಗಲದ ಪಟ್ಟಿ ಹೋಯಿತು, ಪಕ್ಕದಲ್ಲಿ ರೂಪಾಯಿಯಗಲ ತೂತು ಬಂತು. ಕುಳ್ಳ ಕ್ಯಾಮೆರಾ ಚೆನ್ನಾಗಿಯೇ ಕೂತಿತು. ಎರಡು ವರ್ಷದಲ್ಲಿ ಅದರಿಂದ ನಾನು ತೆಗೆದದ್ದು ಎಂಟು ಫೋಟೋ, ಎಂಟರಲ್ಲೂ ನಮ್ಮ ಮನೆಯ ಗೇಟು.

ಕಳೆದ ವರ್ಷ ಒಂದು ಬೆಳಿಗ್ಗೆ ಅಣ್ಣಯ್ಯ ಹೇಳದೆ ಕೇಳದೆ ಬಂದ. ಕತ್ತಿಗೆ ಬೆಲ್ಟು ಕಟ್ಟಿಕೊಂಡಿದ್ದ. ಕತ್ತಿನ ಮೂಳೆ ಸವೆದಿದೆಯಂತೆ. ಚಿಂತಾಮಣಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ ಒಂದು ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಪುಣ್ಯಕ್ಕೆ ಚೀಲ ಆ ದಿನ ಮೊಳೆಯಲ್ಲಿರಲಿಲ್ಲ, ಕೋಣೆಯಲ್ಲಿತ್ತು.

"ತೆಗಿ" ಅಂದ.

ಡಬ್ಬಿಯೊಳಗೆ ಅಪ್ಪನ ಪಂಚೆಯ ತುಂಡು. ಅದರೊಳಗೆ ಕ್ಯಾಮೆರಾ. ಸುತ್ತಲೂ ಪುಟ್ಟ ಪುಟ್ಟ ಬಿಳಿ ಪೊಟ್ಟಣಗಳು, ಶೂ ಡಬ್ಬಿಯಲ್ಲಿ, ಮಾತ್ರೆ ಸೀಸೆಯಲ್ಲಿ ತೇವ ಹೀರಲು ಇಡುತ್ತಾರಲ್ಲ, ಅವು. ನೂರಾರು.

"ಗಾಜಿಗೆ ಬೂಷ್ಟು ಹಿಡಿಯತ್ತೆ ಕಣೋ, ಅದಕ್ಕೆ. ಸ್ಕೂಲಲ್ಲಿ ಮಕ್ಕಳಿಗೂ ಹೇಳಿಟ್ಟಿದ್ದೆ, ಶೂ ತಗೊಂಡ್ರೆ ಪೊಟ್ಟಣ ತಂದ್ಕೊಡ್ರೋ ಅಂತ." ಅವನು ಕೂತು ಉಸಿರು ಬಿಟ್ಟ. "ನನಗಿನ್ನು ಕತ್ತು ಬಗ್ಗಲ್ಲ. ಇದು ನಿನ್ನ ಹತ್ರ ಇರಲಿ. ಅವತ್ತು ನೀನು ದೊಡ್ಡ ಮನಸ್ಸು ಮಾಡಿ ನಂಗೆ ಬಿಟ್ಟೆ. ಎಷ್ಟು ದಿನ ಅಂತ ನಾನೇ ಇಟ್ಕೊಳ್ಳಿ?"

"ನಾನು... ಬಿಟ್ಟೆನಾ?"

"ಮತ್ತೆ? ಎರಡನೇ ಪಟ್ಟೀಲಿ ಕ್ಯಾಮೆರಾ ಇದೆ ಅಂತ ಗೊತ್ತಿದ್ದೂ, ಮಾವ ಅದನ್ನ ಓದೋಕೆ ಮುಂಚೆನೇ ಚೀಲ ಸಾಕು ಅಂತ ಎದ್ದು ಹೋದ್ಯಲ್ಲೋ! ಅಮ್ಮನ ಕರ್ಮಕ್ಕೆ ಅಂತ ಕ್ಯಾಮೆರಾ ಒಳಗಿನ ಬೀರೂಲಿತ್ತು, ಚೀಲ ಹೊರಗೆ. ಮಾವ ಕಂಡಕಂಡಲ್ಲಿ ಬರ್ಕೊಂಡು ಎರಡನ್ನೂ ಬೇರೆ ಮಾಡಿಬಿಟ್ಟಿದ್ರು. ನನ್ನ ತಮ್ಮ ಎಂಥೋನು ಅಂತ ನಿಮ್ಮತ್ತಿಗೆ ಹತ್ರ ಎಷ್ಟು ಸಲ ಹೇಳಿದೀನೋ!"

"ಹಾಗಾದ್ರೆ ಒಳಗಿದ್ದ ಆ ದಿಮ್ಮಿ?"

"ಓ, ಅದಿನ್ನೂ ಇದ್ಯಾ? ಅಪ್ಪ ಮಾಡಿಸಿದ್ದು ಕಣೋ, ನೀನು ಕೆಲಸಕ್ಕೆ ಬಂದ್ಮೇಲೆ. ಖಾಲಿ ಬಿಟ್ರೆ ಚರ್ಮ ಮುದುರ್ಕೊಳ್ಳತ್ತೆ ಅಂತ ಆಚಾರಿ ಹತ್ರ ಅಳತೆ ಕೊಟ್ಟು ಕೊರೆಸಿದ್ರು."

ಹಿತ್ತಲ ಬಾಗಿಲಿಗೆ ಒತ್ತು ಕೊಟ್ಟುಕೊಂಡು ಕೂತಿದ್ದ ದಿಮ್ಮಿಯ ಕಡೆ ನಾನು ನೋಡಲಿಲ್ಲ. ಪದ್ಮ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಚೀಲ ಬೇಕು ಅಂತ ಯಾವತ್ತೂ ಕೇಳಲಿಲ್ವಲ್ಲ ಅಣ್ಣಯ್ಯ ನೀನು?"

"ಕ್ಯಾಮೆರಾನೇ ಬಿಟ್ಟುಕೊಟ್ಟೋನ ಹತ್ರ ಚೀಲಾನೂ ಕೇಳಕ್ಕಾಗತ್ತೇನೋ? ಎಲ್ಲಿ, ತಗೊಂಬಾ. ಒಂದು ಸಲ ಎರಡೂ ಸೇರಿದ್ದು ನೋಡಿಬಿಡ್ತೀನಿ."

ನಾನು ಎದ್ದು ನಿಂತೆ. ಮತ್ತೆ ಕೂತೆ. "ರಿಪೇರಿಗೆ ಕೊಟ್ಟಿದೀನಿ" ಅಂದೆ.

"ಹೌದಾ. ಹಂಗಾದ್ರೆ ಮುಂದಿನ ಭಾನುವಾರ ನೀವೇ ತಗೊಂಡು ಬನ್ನಿ ಚಿಂತಾಮಣಿಗೆ. ರೋಲು ಸಿಕ್ರೆ ಹಾಕ್ಕೊಂಡು ಬಾ." ಕಾಫಿ ಕುಡಿದು, ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿ, ಹೋದ.

ಅವನು ಗೇಟು ದಾಟಿದ ಮೇಲೆ ಪದ್ಮ ಒಂದೇ ಮಾತು ಕೇಳಿದಳು: "ಕತ್ತರಿಸಿದ್ದು ಹೊಲಿಯಕ್ಕಾಗತ್ತಾ?"

ಇನಾಯತ್ ಸಾಬರು ನನ್ನನ್ನು, ಚೀಲವನ್ನು, ಕ್ಯಾಮೆರಾವನ್ನು ಒಂದಾದ ಮೇಲೊಂದು ನೋಡಿದರು. "ಆಯ್ತಾ ಸಾರ್ ಯೋಚನೆ? ಒಂದು ವಾರ ಅಂದಿದ್ದೆ, ಎರಡು ವರ್ಷ ತಗೊಂಡ್ರಿ."

ಕ್ಯಾಮೆರಾ ಒಳಗೆ ಹೋಗುತ್ತಿರಲಿಲ್ಲ. ನಾನು ಒತ್ತಿ ನೋಡಿದೆ, ಹೊಲಿಗೆ ಕಿರ್ರೆಂದಿತು. ಸಾಬರು ನನ್ನ ಕೈ ಹಿಡಿದು ನಿಲ್ಲಿಸಿದರು. ನಾನು ಕೈಚೀಲದಿಂದ ದಿಮ್ಮಿ ತೆಗೆದು ಮುಂದಿಟ್ಟೆ. ಅವರ ಮುಖ ಅರಳಿತು.

"ಅರೆ! ಅಚ್ಚು ಇದೆಯಲ್ಲ ಸಾರ್. ಇದನ್ನ ಮೊದಲೇ ತಂದಿದ್ರೆ ನಾನು ಕತ್ತರೀನೇ ಮುಟ್ತಿರ್ಲಿಲ್ಲ. ಯಾರು ಮಾಡಿದ್ದು?"

"ನಮ್ಮಪ್ಪ ಮಾಡಿಸಿದ್ದು."

"ಬಾಗಿಲಿಗೆ ಒತ್ತು ಕೊಟ್ಟಿದ್ರಾ ಇದನ್ನ? ಪಕ್ಕದಲ್ಲಿ ಗಾಯ ಇದೆ." ನಾನು ಆ ಗಾಯವನ್ನು ಹೆಬ್ಬೆರಳಿನಿಂದ ಉಜ್ಜಿದೆ.

ಹಳೆಯ ಹೊಲಿಗೆ ಬಿಚ್ಚಿ, ಚರ್ಮವನ್ನು ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಮಾಡಿ, ದಿಮ್ಮಿಯ ಮೇಲೆ ಎಳೆದು ಕಟ್ಟಿ ಎರಡು ದಿನ ನೆರಳಿನಲ್ಲಿ ಬಿಟ್ಟರು. ಪಕ್ಕದ ತೂತಿಗೆ ಒಂದು ಚರ್ಮದ ಬಿಲ್ಲೆ ಹಚ್ಚಿ ಮುಚ್ಚಿದರು. ಬೆನ್ನಿನಲ್ಲಿ ಎರಡು ಬೆರಳಗಲದ ಸಂದು ಹಾಗೇ ಉಳಿಯಿತು. ಅದಕ್ಕೆ ಅಟ್ಟದಿಂದ ಒಂದು ಕಪ್ಪು ಪಟ್ಟಿ ಇಳಿಸಿದರು. ಅವರಪ್ಪ ಯಾವುದೋ ಜಟ್ಕಾ ಕುದುರೆಯ ಎದೆಗೆ ಹೊಲಿದಿದ್ದು, ಗಿರಾಕಿ ಬರದೆ ಉಳಿದದ್ದು. "ಬಣ್ಣ ಸೇರಲ್ಲ. ಗೊತ್ತಾಗತ್ತೆ" ಅಂದರು.

"ಗೊತ್ತಾಗದ ಹಾಗೆ ಮಾಡಕ್ಕಾಗಲ್ವಾ?"

"ಆಗತ್ತೆ, ಬಣ್ಣ ಹಚ್ಚಿ. ಮಳೆ ಬಂದ್ರೆ ಕೈಗೆ ಹತ್ತತ್ತೆ. ಯಾರಿಂದ ಮುಚ್ಚಿಡಬೇಕು?"

ನಾನು ಬೇಡ ಅಂದೆ.

ಹೊಲಿಯಲು ಅವರು ತೆಗೆದದ್ದು ನೈಲಾನು ಅಲ್ಲ. ಅಳಿಯನಿಗೆ ರೇಷ್ಮೆ ನೂಲು ತೆಗೆಯುವ ಘಟಕ ಇದೆ. ಅಲ್ಲಿಂದ ಬಂದ ದಪ್ಪ ನೂಲು. "ಒಂದೊಂದ್ಸಲ ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿಬಿಡ್ತಾವೆ ಸಾರ್. ಆ ನೂಲು ನೈಸಾಗಿ ಬರಲ್ಲ, ಗಂಟು ಗಂಟು. ಒಳ್ಳೆ ಸೀರೆಗೆ ಆಗಲ್ಲ. ಚರ್ಮಕ್ಕೆ ಅದೇ ಬೇಕು. ಹಿಡಿದ್ರೆ ಬಿಡಲ್ಲ." ನೂಲಿಗೆ ಮೇಣ ಉಜ್ಜಿ, ದಬ್ಬಳದಲ್ಲಿ ತೂತು ಮಾಡಿ, ಒಂದೊಂದೇ ಹೊಲಿಗೆ ಹಾಕಿದರು. ನಾನು ಎದುರಿಗೆ ಕೂತು ನೋಡಿದೆ. ರೇಷ್ಮೆ ಮಡಿ, ತೊಗಲು ಮೈಲಿಗೆ. ಈ ಚೀಲವನ್ನು ಅಮ್ಮ ಈಗ ಎಲ್ಲಿಡಲು ಹೇಳುತ್ತಿದ್ದಳು? ಬಹುಶಃ ಹೊಸ್ತಿಲ ಮೇಲೆ.

ಭಾನುವಾರ ಚಿಂತಾಮಣಿಗೆ ಹೋದೆವು. ಕ್ಯಾಮೆರಾ ಚೀಲದಲ್ಲಿತ್ತು, ಚೀಲ ನನ್ನ ಹೆಗಲಲ್ಲಿತ್ತು. ಅಣ್ಣಯ್ಯ ಅದನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡ. ಮುಚ್ಚಳ ತೆರೆದ, ಮುಚ್ಚಿದ. ತಿರುಗಿಸಿದ. ಬೆರಳು ಬೆನ್ನಿನ ಪಟ್ಟಿಯ ಮೇಲೆ ನಿಂತಿತು.

"ಇದೇನೋ, ನಾಮ ಹಾಕಿದ ಹಾಗೆ?"

ಬಸ್ಸಿನಲ್ಲಿ ನಾನು ಮೂರು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಮೂರೂ ಕಚೇರಿಯ ಭಾಷೆಯಲ್ಲಿದ್ದವು. ಒಂದೂ ಬಾಯಿಗೆ ಬರಲಿಲ್ಲ. "ಕತ್ತರಿಸಿಬಿಟ್ಟಿದ್ದೆ ಅಣ್ಣಯ್ಯ" ಅಂದೆ. ಆಮೇಲೆ ಎಲ್ಲ ಹೇಳಿದೆ. ಪಾಲುಪಟ್ಟಿ ಓದದೆ ಸಹಿ ಹಾಕಿದ್ದು, ದಿಮ್ಮಿ ಕಂಡದ್ದು, ಅದನ್ನು ತುರುಕಿದವನು ಅವನೇ ಅಂದುಕೊಂಡದ್ದು.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಾಫಿ ತಟ್ಟೆ.

"ಮೂವತ್ತು ವರ್ಷ ನನ್ನ ಕಳ್ಳ ಅಂದ್ಕೊಂಡಿದ್ಯಾ?"

"ಹೂಂ."

"ಹಬ್ಬಕ್ಕೆ ಬಂದಾಗೆಲ್ಲ ಕಾಲಿಗೆ ಬೀಳ್ತಿದ್ಯಲ್ಲೋ?"

"ಅದು ಹಬ್ಬದ ಲೆಕ್ಕ."

ಅವನು ನಗಲಿಲ್ಲ. ಚೀಲವನ್ನು ಮೇಜಿನ ಮೇಲಿಟ್ಟು ಎದ್ದು ಒಳಗೆ ಹೋದ. ಕೈವಾರಕ್ಕೆ ಕರೆದಾಗೆಲ್ಲ ನಾನು ಹೇಳುತ್ತಿದ್ದ ತುರ್ತು ಕೆಲಸಗಳೆಲ್ಲ ಈಗ ಅವನಿಗೆ ಒಂದೊಂದಾಗಿ ಅರ್ಥವಾಗುತ್ತಿರಬೇಕು ಅನ್ನಿಸಿತು. ಅತ್ತಿಗೆ ಕಾಫಿ ಕೊಟ್ಟರು. ನಾನು ಕುಡಿಯಲಿಲ್ಲ. ಪದ್ಮ ನೆಲ ನೋಡುತ್ತ ಕೂತಳು. ಒಳಗೆ ನಲ್ಲಿ ಬಿಟ್ಟ ಸದ್ದು, ನಿಲ್ಲಿಸಿದ ಸದ್ದು.

ಹೊರಗೆ ಬಂದಾಗ ಕತ್ತಿನ ಬೆಲ್ಟು ಇರಲಿಲ್ಲ.

"ರೋಲು ಹಾಕಿದ್ಯಾ?"

"ಹಾಕಿದೀನಿ."

"ಮತ್ತೆ ಕೂತಿದ್ಯಲ್ಲ? ಏಳು. ಬೆಳಕು ಹೋಗತ್ತೆ."

"ರೀ, ಕತ್ತು ಬಗ್ಗಿಸಬಾರ್ದು ಅಂತ ಡಾಕ್ಟ್ರು ಹೇಳಿಲ್ವಾ?" ಅತ್ತಿಗೆ ಅಡ್ಡ ಬಂದರು.

"ಒಂದು ಸಲ ಬಗ್ಗಿಸ್ತೀನಿ ಕಣೇ. ನೀವಿಬ್ಬರೂ ಹೋಗಿ ಆ ಗಿಡದ ಹತ್ರ ನಿಂತ್ಕೊಳ್ಳಿ. ಪದ್ಮಮ್ಮ, ನೀನು ಸ್ವಲ್ಪ ಈ ಕಡೆ ಬಾಮ್ಮ."

ಅಂಗಳದಲ್ಲಿ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಣ್ಣಯ್ಯ ಚೀಲದ ಪಟ್ಟಿಯನ್ನು ಕತ್ತಿಗೆ ಹಾಕಿಕೊಂಡು, ಮುಚ್ಚಳ ಬಿಚ್ಚಿ, ಹಲ್ಲು ಕಚ್ಚಿ, ನಿಧಾನವಾಗಿ ತಲೆ ಬಗ್ಗಿಸಿದ. ಹಿಂದಿನಿಂದ ನೋಡಿದರೆ ಅಪ್ಪನೇ. ಮುಚ್ಚಳ ಗಾಳಿಗೆ ಪಟಪಟ ಅಂದಿತು.

"ಏಯ್ ಸೀನ! ಮುಚ್ಚಳ!"

ಅರವತ್ತೆಂಟು ವರ್ಷದ ಮಂಡಿಗಳು ಎರಡು ಸಲ ಕಟಕಟ ಅಂದವು. ಕುಕ್ಕರಗಾಲಲ್ಲಿ ಕೂತೆ, ಕೈ ಮೇಲೆತ್ತಿದೆ, ಮುಚ್ಚಳ ಹಿಡಿದೆ. ನಮ್ಮ ಭಂಗಿ ನೋಡಿ ಅತ್ತಿಗೆ, ಪದ್ಮ ಇಬ್ಬರೂ ನಕ್ಕುಬಿಟ್ಟರು. ಕ್ಲಿಕ್ ಅಂದಿತು. ನನ್ನನ್ನು ಎಬ್ಬಿಸಲು ಮೂರು ಜನ ಬೇಕಾದರು.

ರೋಲನ್ನು ಬೆಂಗಳೂರಿಗೆ ಕಳಿಸಿ, ಫೋಟೋ ತೊಳೆದು ಬರಲು ಮೂರು ವಾರವಾಯಿತು. ಲಕೋಟೆಯನ್ನು ಒಡೆಯದೆ ಚಿಂತಾಮಣಿಗೆ ಒಯ್ದೆ. ಅಣ್ಣಯ್ಯ ಒಡೆದ. ಇಬ್ಬರು ಹೆಂಗಸರು ಗಿಡದ ಪಕ್ಕ ನಿಂತು ಬಾಯ್ತುಂಬ ನಗುತ್ತಿದ್ದಾರೆ. ಕೆಳಗೆ ಎಡಮೂಲೆಯಲ್ಲಿ, ಮಸುಕಾಗಿ, ದಪ್ಪವಾಗಿ, ಪದ್ಮಳ ಸೆರಗನ್ನು ಅರ್ಧ ನುಂಗಿ, ಒಂದು ಬೆರಳು.

ಅಣ್ಣಯ್ಯ ಗೋಡೆಯಿಂದ ಅಮ್ಮನ ಫೋಟೋ ಇಳಿಸಿ ಪಕ್ಕದಲ್ಲಿಟ್ಟ. ಭೂತಗನ್ನಡಿ ತಂದು ಇದನ್ನು ನೋಡಿದ, ಅದನ್ನು ನೋಡಿದ. ಪ್ರಯೋಗಶಾಲೆಯಲ್ಲಿ ಮಕ್ಕಳನ್ನು ಕೇಳುವ ಧ್ವನಿಯಲ್ಲಿ, "ಕುಕ್ಕರಗಾಲಲ್ಲಿ ಕೂತೋನು ಬಲಗೈಲಿ ಮುಚ್ಚಳ ಹಿಡಿದ್ರೆ ಬೆರಳು ಯಾವ ಕಡೆ ಬರತ್ತೆ?" ಅಂದ.

"ಬಲಗಡೆ."

"ಎಡಗೈಲಿ ಹಿಡಿದ್ರೆ?"

ನಾನು ಎಡಚ. ಊಟ ಬಲಗೈಯಲ್ಲಿ ಮಾಡಲು ಅಮ್ಮ ಹೊಡೆದು ಕಲಿಸಿದಳು. ಉಳಿದದ್ದೆಲ್ಲ ಇವತ್ತಿಗೂ ಎಡಗೈ. ಅಣ್ಣಯ್ಯ ಬಲಗೈಯವನು. ಅರವತ್ತೆರಡು ವರ್ಷ ಆ ಫೋಟೋ ನಮ್ಮ ಕಣ್ಣೆದುರಿಗೇ ಇತ್ತು.

"ಕಿವಿ ಹಿಂಡಿಸ್ಕೊಂಡಿದ್ದು ನಾನು" ಅಂದ ಅಣ್ಣಯ್ಯ, ಭೂತಗನ್ನಡಿ ಕೆಳಗಿಡುತ್ತ.

ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಅವನ ಕತ್ತು ಬಗ್ಗುವುದಿಲ್ಲವಾದ್ದರಿಂದ ಅವನ ಕೈಗೆ ಎಟುಕುವಷ್ಟು ಕೆಳಕ್ಕೆ, ನಾನು ತಲೆ ಬಗ್ಗಿಸಿದೆ. ಅವನು ನನ್ನ ಕಿವಿ ಹಿಡಿದುಕೊಂಡ. ಹಿಂಡಲಿಲ್ಲ, ಬಿಡಲೂ ಇಲ್ಲ.

"ಬಸ್ಸು ಎಷ್ಟು ಹೊತ್ತಿಗೋ?" ಅಂದ.

"ಇವತ್ತು ಹೋಗಲ್ಲ" ಅಂದೆ.